ಅಮ್ಮನ ಮಣಿಕಟ್ಟಿನ ಗುರುಗುರು

ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುವ ಮೊದಲ ಕೆಲಸ ಅಮ್ಮನ ಎಡಗೈ ಮುಟ್ಟಿ ನೋಡುವುದು. ಮಣಿಕಟ್ಟಿನಿಂದ ಎರಡು ಬೆರಳು ಮೇಲೆ ಹಳೇ ಹೊಲಿಗೆಯ ಗೆರೆ ಇದೆ. ಅಲ್ಲಿ ಮೂರು ಬೆರಳನ್ನು ಹಗುರವಾಗಿ ಇಟ್ಟರೆ ಚರ್ಮದ ಕೆಳಗೆ ಗುರುಗುರು ಅನ್ನುತ್ತದೆ. ಬೆಕ್ಕು ಮಡಿಲಲ್ಲಿ ಮಲಗಿ ಗುರುಗುಟ್ಟುತ್ತದಲ್ಲ, ಥೇಟ್ ಹಾಗೇ. ಡಯಾಲಿಸಿಸ್ ಮಾಡುವವರು ಇದಕ್ಕೆ ಥ್ರಿಲ್ ಅನ್ನುತ್ತಾರೆ. ‘ದಿನಾ ಥ್ರಿಲ್ ನೋಡ್ಕೊಳ್ಳಿ ಅಕ್ಕಾ, ಕಮ್ಮಿ ಆದ್ರೆ ಕಾಯ್ಬೇಡಿ, ತಕ್ಷಣ ಬನ್ನಿ’ ಅಂತ ಅಲ್ಲಿನ ಟೆಕ್ನಿಷಿಯನ್ ಹುಡುಗ ಮೊದಲ ದಿನವೇ ನನ್ನ ಬೆರಳು ಹಿಡಿದು ಹೇಳಿಕೊಟ್ಟಿದ್ದ.

ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು 22 ವರ್ಷ. ಜೊತೆಗೆ ಬಿಪಿ. ಎರಡೂ ಸೇರಿ ನಿಧಾನಕ್ಕೆ ಕಿಡ್ನಿಯನ್ನು ತಿಂದುಹಾಕಿದವು. ಈಗ ಸೋಮವಾರ, ಗುರುವಾರ ಡಯಾಲಿಸಿಸ್. ಪ್ರತಿ ಸಲ 4 ಗಂಟೆ, ಎರಡು ದಪ್ಪ ಸೂಜಿ. ಒಂದರಿಂದ ರಕ್ತ ಮಷೀನಿಗೆ ಹೋಗುತ್ತದೆ, ಇನ್ನೊಂದರಿಂದ ಶುದ್ಧವಾಗಿ ವಾಪಸ್ ಬರುತ್ತದೆ. ಮಾಮೂಲಿ ರಕ್ತನಾಳಕ್ಕೆ ಇದನ್ನು ತಡೆಯುವ ಶಕ್ತಿ ಇಲ್ಲ. ಚರ್ಮದ ಕೆಳಗೆ ಹಸಿರಾಗಿ ಕಾಣುವ ಅಭಿಧಮನಿ ಸೂಜಿಗೆ ಸುಲಭವಾಗಿ ಸಿಗುತ್ತದೆ, ಆದರೆ ಅದರಲ್ಲಿ ರಕ್ತದ ಹರಿವು ನಿಧಾನ. ಹೃದಯದಿಂದ ರಕ್ತ ತರುವ ಅಪಧಮನಿಯಲ್ಲಿ ರಭಸ ಇದೆ, ಆದರೆ ಅದನ್ನು ವಾರ ವಾರ ಚುಚ್ಚುವ ಹಾಗಿಲ್ಲ. ಅದಕ್ಕೇ ಎರಡನ್ನೂ ಸೇರಿಸಿ ಹೊಲಿದುಬಿಡುತ್ತಾರೆ. ಅದು ಫಿಸ್ಟುಲಾ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬ್ರೆಶಿಯಾ, ಚಿಮಿನೊ ಮತ್ತು ಅವರ ಜೊತೆಗಾರರು 1966ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಇವತ್ತಿಗೂ ಡಾಕ್ಟರುಗಳು ಮೊದಲು ಕೇಳುವುದು ‘ಫಿಸ್ಟುಲಾ ಮಾಡಿಸಿದ್ದೀರಾ?’ ಅಂತಲೇ.

ಹೊಲಿದ ಮರುದಿನವೇ ಅದು ಕೆಲಸಕ್ಕೆ ಬರುವುದಿಲ್ಲ. ಆರೆಂಟು ವಾರ ಕಾಯಬೇಕು. ಅಮ್ಮ ಆ ದಿನಗಳಲ್ಲಿ ಟಿವಿ ಮುಂದೆ ಕೂತು ಹಳದಿ ರಬ್ಬರ್ ಚೆಂಡು ಹಿಚುಕುತ್ತಿದ್ದರು. ಒಳಗೆ ಏನಾಗುತ್ತಿತ್ತು ಅಂದರೆ, ಮೊದಲು ನಿಮಿಷಕ್ಕೆ ಕೆಲವೇ ಚಮಚದಷ್ಟು ರಕ್ತ ಹರಿಯುತ್ತಿದ್ದ ಜಾಗದಲ್ಲಿ ಈಗ 500-600 ಮಿಲಿಲೀಟರ್ ನುಗ್ಗುತ್ತಿತ್ತು. ತೆಳು ಗೋಡೆಯ ಅಭಿಧಮನಿ ಅಂಥ ಹೊಡೆತ ಯಾವತ್ತೂ ಕಂಡದ್ದಲ್ಲ. ಅದು ಅಗಲವಾಯಿತು, ಗೋಡೆ ದಪ್ಪವಾಯಿತು, ಅಪಧಮನಿಯ ಥರ ಗಟ್ಟಿಯಾಯಿತು. ಗೋಡೆಯಲ್ಲಿರುವ ಸ್ನಾಯು ಕೋಶಗಳು ಬೆಳೆದವು. ಬೆಳೆಯದೇ ಇದ್ದಿದ್ದರೆ ಮೊದಲ ಸೂಜಿಗೇ ನಾಳ ಹರಿಯುತ್ತಿತ್ತು. ಈ ಬೆಳವಣಿಗೆಯ ಮೇಲೇ ಅಮ್ಮನ ಜೀವ ನಿಂತಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು ಅನ್ನಿಸಿತು, ಯಾಕಂದರೆ ಮುಂದೆ ಇದೇ ಬೆಳವಣಿಗೆಯನ್ನು ಬೈಯುವ ಪ್ರಸಂಗ ಬರುತ್ತದೆ.

ಕಳೆದ ಆಗಸ್ಟಿನ ಒಂದು ಬೆಳಿಗ್ಗೆ ಗುರುಗುರು ಬದಲಾಗಿತ್ತು. ಹೊಲಿಗೆಯ ಹತ್ತಿರ ಬೆರಳಿಟ್ಟರೆ ಧಕ್ ಧಕ್ ಅಂತ ಜೋರಾಗಿ ಬಡಿಯುತ್ತಿತ್ತು. ಒಂದು ಇಂಚು ಮೇಲೆ ಹೋದರೆ ಏನೂ ಇಲ್ಲ ಅನ್ನುವಷ್ಟು ಮೆತ್ತಗೆ. ಕಾಲುವೆಗೆ ಯಾರೋ ಅಡ್ಡ ಕಲ್ಲಿಟ್ಟ ಹಾಗೆ. ಅವತ್ತೇ ಆಸ್ಪತ್ರೆಗೆ ಓಡಿದೆವು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಸ್ಕ್ಯಾನಿನ ಪರದೆಯ ಮೇಲೆ ನೀಟಾಗಿ ಹರಿಯಬೇಕಾಗಿದ್ದ ಕೆಂಪು ಬಣ್ಣ ಒಂದು ಕಡೆ ಇಕ್ಕಟ್ಟಾಗಿ, ಹಳದಿ ನೀಲಿ ಎಲ್ಲಾ ಕಲಸಿಹೋಗಿ ಚಿಮ್ಮುತ್ತಿತ್ತು. ಡಾಕ್ಟರು ಆ ಇಕ್ಕಟ್ಟನ್ನು ಅಳೆದರು. 2 ಮಿಲಿಮೀಟರಿಗೂ ಕಡಿಮೆ.

‘ನಾನು ಎಣ್ಣೆ ಪದಾರ್ಥ ಮುಟ್ಟೇ ಇಲ್ಲ ಡಾಕ್ಟ್ರೇ’ ಅಂದರು ಅಮ್ಮ. ತಪ್ಪು ತಮ್ಮದೇ ಇರಬೇಕು ಅನ್ನುವ ಭಯ.

‘ಇದು ಕೊಬ್ಬಲ್ಲಮ್ಮ. ರಕ್ತ ಹೆಪ್ಪುಗಟ್ಟಿರೋದೂ ಅಲ್ಲ. ನಾಳದ ಗೋಡೇಲಿರೋ ಸ್ನಾಯು ಕೋಶಗಳೇ ಒಳಗಡೆಗೆ ಬೆಳೆದುಬಿಟ್ಟಿವೆ. ಬಲೂನ್ ಹಾಕಿ ಅಗಲ ಮಾಡ್ತೀವಿ.’

ವಾಪಸ್ ಬರುವಾಗ ಆಟೋದಲ್ಲಿ ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: ‘ಅಲ್ವೇ, ನನ್ನ ಮಾಂಸವೇ ನನಗೆ ಅಡ್ಡ ಬೆಳೀತಾ? ಯಾಕೆ?’

ಆಗ ಏನೂ ಹೇಳಲಿಲ್ಲ. ಆದರೆ ಇದು ನನಗೆ ಗೊತ್ತಿಲ್ಲದ ವಿಷಯ ಆಗಿರಲಿಲ್ಲ. ಪಿಯು ಕಾಲೇಜಿನಲ್ಲಿ ಪಾಠ ಮಾಡಲು ಸೇರುವ ಮೊದಲು 2 ವರ್ಷ ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಇದೇ ಜಾತಿಯ ಕೋಶಗಳನ್ನು ಬೆಳೆಸುವುದು ನನ್ನ ಕೆಲಸವಾಗಿತ್ತು. ಆಟೋದಲ್ಲಿ ಹೇಳಲಾಗದ ಉತ್ತರವನ್ನು ಈಗ ಕೂತು ಬರೆಯುತ್ತಿದ್ದೇನೆ.

ರಕ್ತನಾಳದ ಗೋಡೆಯಲ್ಲಿ ಮೂರು ಪದರ. ರಕ್ತ ತಾಗುವ ಒಳಪದರ ಬಹಳ ನಾಜೂಕು, ಒಂದೇ ಒಂದು ಸಾಲು ಕೋಶಗಳ ಹೊದಿಕೆ. ನಡುವಿನ ಪದರದಲ್ಲಿ ಸ್ನಾಯು ಕೋಶಗಳು. ಅದರ ಹೊರಗೆ ನಾರಿನ ಹೊದಿಕೆ. ಲ್ಯಾಬ್‌ನಲ್ಲಿ ಇಲಿಯ ಮಹಾಪಧಮನಿಯನ್ನು ಸೀಳಿ, ಹೊರಗಿನ ಹೊದಿಕೆಯನ್ನು ಚಿಮುಟದಲ್ಲಿ ಹಿಡಿದು ಎಳೆಯುತ್ತಿದ್ದೆವು. ಅದು ಈರುಳ್ಳಿ ಸಿಪ್ಪೆಯ ಥರ ಬಿಟ್ಟುಕೊಳ್ಳುತ್ತಿತ್ತು. ಒಳಪದರವನ್ನು ಮೆಲ್ಲಗೆ ಕೆರೆದು ತೆಗೆದರೆ ಉಳಿಯುವುದು ನಡುವಿನ ಸ್ನಾಯು. ಅದನ್ನು ಸಾಸಿವೆಯಷ್ಟು ಚಿಕ್ಕ ತುಂಡು ಮಾಡಿ ಪ್ಲಾಸ್ಟಿಕ್ ತಟ್ಟೆಗೆ ಅಂಟಿಸಿ, ನಸುಗೆಂಪು ಪೋಷಕ ದ್ರವ ಹಾಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದೆವು.

ಒಂದು ವಾರ ಏನೂ ಆಗುವುದಿಲ್ಲ. ಆಮೇಲೆ ಒಂದು ದಿನ ಮೈಕ್ರೋಸ್ಕೋಪ್ ಕೆಳಗೆ ನೋಡಿದರೆ ತುಂಡಿನ ಅಂಚಿನಿಂದ ಒಂದೆರಡು ಉದ್ದುದ್ದ ಕೋಶಗಳು ಹೊರಗೆ ತೆವಳಿಕೊಂಡು ಬಂದಿರುತ್ತವೆ. ಮತ್ತೆರಡು ದಿನಕ್ಕೆ ಹತ್ತಾರು. ತಟ್ಟೆ ತುಂಬಿದಾಗ ಅವು ಒಂದೇ ಸಮ ಹರಡಿಕೊಳ್ಳುವುದಿಲ್ಲ. ಕೆಲವು ಕಡೆ ಒಂದರ ಮೇಲೊಂದು ಏರಿ ದಿಬ್ಬ, ಕೆಲವು ಕಡೆ ತಗ್ಗು. ನನಗೆ ನಮ್ಮೂರಿನ ಉತ್ತ ಹೊಲದ ಸಾಲುಗಳು ನೆನಪಾಗುತ್ತಿದ್ದವು.

ಇದರಲ್ಲೇನು ವಿಶೇಷ ಅಂದರೆ, ಇಲಿಯ ದೇಹದಲ್ಲಿದ್ದಾಗ ಈ ಕೋಶಗಳು ತೆವಳುತ್ತಲೂ ಇರಲಿಲ್ಲ, ಹೆಚ್ಚುಕಮ್ಮಿ ಹೆಚ್ಚುತ್ತಲೂ ಇರಲಿಲ್ಲ. ಬಿಗಿಯುವುದು, ಸಡಿಲಿಸುವುದು, ಅಷ್ಟೇ ಅವುಗಳ ಕೆಲಸ. ಹೃದಯದ ಸ್ನಾಯು ಕೋಶ ಒಮ್ಮೆ ಬೆಳೆದ ಮೇಲೆ ಮತ್ತೆ ಇಬ್ಭಾಗವಾಗುವುದು ಬಹಳ ಅಪರೂಪ. ರಕ್ತನಾಳದ ಸ್ನಾಯು ಕೋಶ ಹಾಗಲ್ಲ. ಗಾಯವಾದರೆ ಅದು ಬಿಗಿಯುವ ಕೆಲಸ ಬಿಟ್ಟು ಕಟ್ಟುವ ಕೆಲಸಕ್ಕೆ ಇಳಿಯುತ್ತದೆ. ಜಾಗ ಬಿಟ್ಟು ಚಲಿಸುತ್ತದೆ, ಇಬ್ಭಾಗವಾಗುತ್ತದೆ, ಸುತ್ತಲೂ ನಾರು ಸುರಿಯುತ್ತದೆ. ಕತ್ತರಿಸಿ ತಟ್ಟೆಗೆ ಹಾಕಿದ್ದೇ ಅದಕ್ಕೆ ಗಾಯ. ಅಮ್ಮನ ಕೈಯಲ್ಲಿ ಆಪರೇಷನ್ ಗಾಯ, ವಾರಕ್ಕೆ ನಾಲ್ಕು ಸೂಜಿಯ ಗಾಯ, ಹೊಲಿಗೆಯ ತಿರುವಿನಲ್ಲಿ ಸುಳಿ ಸುತ್ತಿ ಹೊಡೆಯುವ ರಕ್ತದ ಗಾಯ.

ಹಾಗಾದರೆ ‘ಬೆಳೆ’ ಅಂತ ಅದಕ್ಕೆ ಹೇಳುವವರು ಯಾರು? ಮೊದಲ ಸುಳಿವು ಕೊಟ್ಟವರು ಅಮೆರಿಕದ ಸಿಯಾಟಲ್‌ನಲ್ಲಿದ್ದ ರಸೆಲ್ ರಾಸ್. 1974ರಲ್ಲಿ ಅವರು ಮತ್ತು ಜೊತೆಗಾರರು ಕೋತಿಯ ಅಪಧಮನಿಯ ಸ್ನಾಯು ಕೋಶಗಳಿಗೆ ಎರಡು ಬಗೆಯ ಸೀರಮ್, ಅಂದರೆ ರಕ್ತದಿಂದ ಬೇರ್ಪಡುವ ತಿಳಿ ದ್ರವ, ಹಾಕಿ ನೋಡಿದರು. ಹೆಪ್ಪುಗಟ್ಟಿದ ರಕ್ತದಿಂದ ತೆಗೆದ ಸೀರಮ್ ಹಾಕಿದರೆ ಕೋಶಗಳು ಚೆನ್ನಾಗಿ ಹೆಚ್ಚಿದವು. ಪ್ಲೇಟ್‌ಲೆಟ್‌ಗಳನ್ನು ಮೊದಲೇ ತೆಗೆದುಹಾಕಿ ಮಾಡಿದ ಸೀರಮ್ ಹಾಕಿದರೆ ಸುಮ್ಮನೆ ಕೂತವು. ಅಂದರೆ ಗಾಯಕ್ಕೆ ಅಂಟಿಕೊಳ್ಳುವ ಪ್ಲೇಟ್‌ಲೆಟ್‌ಗಳೇ ಏನೋ ಒಂದನ್ನು ಬಿಡುಗಡೆ ಮಾಡುತ್ತಿವೆ. ಮುಂದೆ ಅದಕ್ಕೆ ಪಿಡಿಜಿಎಫ್, ಅಂದರೆ ಪ್ಲೇಟ್‌ಲೆಟ್‌ನಿಂದ ಬರುವ ಬೆಳವಣಿಗೆಯ ಅಂಶ, ಅಂತ ಹೆಸರಾಯಿತು. ಗಾಯ, ಪ್ಲೇಟ್‌ಲೆಟ್, ಬೆಳವಣಿಗೆ. ಕಥೆ ಇಲ್ಲಿಗೆ ಮುಗಿಯಿತು ಅನ್ನಿಸುತ್ತದೆ ಅಲ್ವಾ? ಆದರೆ ಆ ಮಾತು ಕೋಶದ ಹೊರಬಾಗಿಲಿಗೆ ಬಂದ ಮೇಲೆ ಒಳಗೆ ಹೇಗೆ ತಲುಪುತ್ತದೆ ಅನ್ನುವುದು ಉಳಿದಿತ್ತು. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಅದು.

ಅದನ್ನು ಹೇಳಲು ನಮ್ಮ ಮನೆಯ ಕಪಾಟಿನಲ್ಲಿದ್ದ ಒಂದು ಕಂದು ಬಾಟಲಿಯಿಂದ ಶುರು ಮಾಡಬೇಕು. ಚಿಕ್ಕವಳಿದ್ದಾಗ ಮೊಣಕಾಲು ತರಚಿಕೊಂಡು ಬಂದರೆ ಅಮ್ಮ ಹತ್ತಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಅದ್ದಿ ಒತ್ತುತ್ತಿದ್ದರು. ಬುಸ್ ಅಂತ ಬಿಳೀ ನೊರೆ ಏಳುತ್ತಿತ್ತು. ‘ಕ್ರಿಮಿ ಸಾಯ್ತಿದೆ ನೋಡು’ ಅನ್ನುತ್ತಿದ್ದರು. ನಿಜವಾಗಿ ಆ ನೊರೆ ಕ್ರಿಮಿ ಸಾಯುವ ನೊರೆಯಲ್ಲ. ನಮ್ಮ ರಕ್ತದಲ್ಲಿ, ಕೋಶಗಳಲ್ಲಿ ಕ್ಯಾಟಲೇಸ್ ಅನ್ನುವ ಕಿಣ್ವ ಇದೆ. ಪೆರಾಕ್ಸೈಡ್ ಕಂಡರೆ ಸಾಕು, ಅದನ್ನು ನೀರು ಮತ್ತು ಆಮ್ಲಜನಕ ಮಾಡಿ ಒಡೆದುಹಾಕುತ್ತದೆ. ಕ್ಯಾಟಲೇಸ್‌ನ ಒಂದೇ ಅಣು ಒಂದು ಸೆಕೆಂಡಿಗೆ ಪೆರಾಕ್ಸೈಡಿನ ಲಕ್ಷಾಂತರ ಅಣುಗಳನ್ನು ಒಡೆಯಬಲ್ಲದು. ಗುಳ್ಳೆಯಾಗಿ ಬರುವುದು ಆ ಆಮ್ಲಜನಕ.

ಇಷ್ಟು ಜೋರು ಕಾವಲು ಯಾಕೆ ಬೇಕು? ನಾವು ಉಸಿರಾಡುವ ಆಮ್ಲಜನಕದಿಂದ ಕೋಶದೊಳಗೆ ಸೂಪರ್ ಆಕ್ಸೈಡ್, ಪೆರಾಕ್ಸೈಡ್‌ನಂಥ ಚುರುಕಿನ ಅಣುಗಳು ಹುಟ್ಟುತ್ತಲೇ ಇರುತ್ತವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ 1969ರಲ್ಲಿ ಸೂಪರ್ ಆಕ್ಸೈಡನ್ನು ಪೆರಾಕ್ಸೈಡ್ ಮಾಡುವ ಕಿಣ್ವವನ್ನು ಗುರುತಿಸಿದರು. ಅಲ್ಲಿಂದ ಮುಂದೆ ಬಹಳ ವರ್ಷ ಎಲ್ಲರೂ ಈ ಅಣುಗಳನ್ನು ತುಕ್ಕಿಗೆ ಹೋಲಿಸಿದರು. ಹುಟ್ಟುವುದು ಹೆಚ್ಚಾಗಿ, ತೆಗೆದುಹಾಕುವುದು ಕಡಿಮೆಯಾದರೆ ಆಕ್ಸಿಡೇಟಿವ್ ಸ್ಟ್ರೆಸ್. ತುಕ್ಕು ಹಿಡಿದರೆ ವಸ್ತು ಹಾಳಾಗುತ್ತದೆ. ನಾನೂ ಮಕ್ಕಳಿಗೆ ಹಾಗೇ ಪಾಠ ಮಾಡಿದ್ದೇನೆ. ಈಗ ಮಾಡುವುದಿಲ್ಲ.

ಯಾಕಂದರೆ 1992ರಲ್ಲಿ ರಾವ್ ಮತ್ತು ಬರ್ಕ್ ಅನ್ನುವ ಇಬ್ಬರು ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ರಕ್ತನಾಳದ ಸ್ನಾಯು ಕೋಶಗಳಿಗೆ ಅವರು ಸ್ವಲ್ಪ ಪೆರಾಕ್ಸೈಡ್ ಕೊಟ್ಟರು. ಕೋಶಗಳು ಸಾಯಲಿಲ್ಲ. ಬೆಳವಣಿಗೆಗೆ ಸಂಬಂಧಿಸಿದ ಜೀನುಗಳನ್ನು ಚಾಲೂ ಮಾಡಿಕೊಂಡು ಹೊಸ ಡಿಎನ್ಎ ಮಾಡತೊಡಗಿದವು. ತುಕ್ಕು ಹಿಡಿದ ಕಬ್ಬಿಣ ಚಿಗುರುವುದುಂಟೇ?

ಈ ‘ಸ್ವಲ್ಪ’ ಅನ್ನುವ ಮಾತಿನ ಬೆಲೆ ನನಗೆ ಲ್ಯಾಬ್‌ನಲ್ಲಿ ಗೊತ್ತಾಯಿತು. ಪ್ರಯೋಗಕ್ಕೆ ಮುಂಚೆ ಕೋಶಗಳನ್ನು ಒಂದೆರಡು ದಿನ ಉಪವಾಸ ಹಾಕುತ್ತೇವೆ. ಸೀರಮ್ ತೆಗೆದರೆ ಅವು ಹೆಚ್ಚುವುದನ್ನು ನಿಲ್ಲಿಸಿ ತಣ್ಣಗಾಗುತ್ತವೆ. ಆಮೇಲೆ ಪೆರಾಕ್ಸೈಡ್ ಹಾಕಿ ನೋಡಬೇಕು. ಒಂದು ಸಂಜೆ ನಾನು ನೀರು ಬೆರೆಸುವ ಒಂದು ಹಂತ ಬಿಟ್ಟುಬಿಟ್ಟೆ. 10 ಪಟ್ಟು ಜಾಸ್ತಿ ಹೋಯಿತು. ಮರುದಿನ ತಟ್ಟೆಯಲ್ಲಿ ಒಂದೂ ಕೋಶ ಅಂಟಿಕೊಂಡಿರಲಿಲ್ಲ. ಎಲ್ಲಾ ದುಂಡಗಾಗಿ, ಸತ್ತು ತೇಲುತ್ತಿದ್ದವು. ಎರಡು ವಾರದ ಕೆಲಸ. ಬಹಳ ಅತ್ತೆ. ಆದರೆ ಪಕ್ಕದ ತಟ್ಟೆಯಲ್ಲಿ, ಸರಿಯಾದ ಅಳತೆ ಬಿದ್ದಲ್ಲಿ, ಅದೇ ಇಲಿಯ ಕೋಶಗಳು ಸಾಲು ಕಟ್ಟಿ ಬೆಳೆಯುತ್ತಿದ್ದವು. ಒಂದೇ ಪದಾರ್ಥ, ಒಂದೇ ಬಾಟಲಿ. ಅಮ್ಮ ನನ್ನ ಮೊಣಕಾಲಿಗೆ ಒತ್ತುತ್ತಿದ್ದ ಪೆರಾಕ್ಸೈಡ್ ಈ ಅಳತೆಗಿಂತ ಸಾವಿರಾರು ಪಟ್ಟು ಗಟ್ಟಿ.

ಹಾಗಾದರೆ ಕೋಶ ತಾನೇ ಬೇಕಂತ ಪೆರಾಕ್ಸೈಡ್ ಮಾಡಿಕೊಳ್ಳುತ್ತದೆಯೇ? ಹೌದು. ನಮ್ಮ ಬಿಳಿ ರಕ್ತಕಣಗಳಲ್ಲಿ ಬ್ಯಾಕ್ಟೀರಿಯಾ ಕೊಲ್ಲಲು ಸೂಪರ್ ಆಕ್ಸೈಡ್ ಚಿಮ್ಮಿಸುವ ಒಂದು ಕಿಣ್ವ ಇದೆ. ಅದರ ಒಡಹುಟ್ಟಿದಂಥ ಕಿಣ್ವಗಳು ರಕ್ತನಾಳದ ಸ್ನಾಯು ಕೋಶದಲ್ಲೂ ಇವೆ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಕ್ಯಾಥಿ ಗ್ರೀಂಡ್ಲಿಂಗ್ ಮತ್ತು ಜೊತೆಗಾರರು 1994ರಲ್ಲಿ ತೋರಿಸಿದ್ದು ಇದನ್ನೇ. ಬಿಪಿ ಏರಿಸುವ ಆಂಜಿಯೋಟೆನ್ಸಿನ್ ಅನ್ನುವ ಹಾರ್ಮೋನ್ ಬಂದು ತಾಗಿದರೆ ಈ ಕಿಣ್ವ ಚುರುಕಾಗುತ್ತದೆ. ಬಿಳಿ ರಕ್ತಕಣದಲ್ಲಿ ಅದು ಪಟಾಕಿ ಸಿಡಿದ ಹಾಗೆ. ಇಲ್ಲಿ ಒಲೆಯ ಸಣ್ಣ ಉರಿ. ಆ ಉರಿಗೆ ಕೋಶ ದಪ್ಪವಾಗುತ್ತದೆ. ಎಷ್ಟೋ ಮನೆಗಳಲ್ಲಿ ಬಿಪಿಗೆ ಅಂತ ನುಂಗುವ ಟೆಲ್ಮಿಸಾರ್ಟಾನ್ ಮಾತ್ರೆ ಈ ಆಂಜಿಯೋಟೆನ್ಸಿನ್ ಬಂದು ತಾಗುವ ಬಾಗಿಲನ್ನೇ ಮುಚ್ಚುತ್ತದೆ.

ಇನ್ನು 1995ರ ಪ್ರಯೋಗ. ಅಮೆರಿಕದ ಬೆಥೆಸ್ಡಾದಲ್ಲಿ ಟೋರೆನ್ ಫಿಂಕೆಲ್ ಅವರ ತಂಡ ಇಲಿಯ ರಕ್ತನಾಳದ ಸ್ನಾಯು ಕೋಶಗಳಿಗೆ ಪಿಡಿಜಿಎಫ್ ಕೊಟ್ಟಿತು. ಕೋಶದೊಳಗೆ ಪೆರಾಕ್ಸೈಡ್ ಸ್ವಲ್ಪ ಹೊತ್ತು ಏರಿತು, ಆಮೇಲೆ ಇಳಿಯಿತು. ಕೋಶಗಳು ಬೆಳೆದವು, ಚಲಿಸಿದವು. ಆಮೇಲೆ ಅವರು ಕೋಶಗಳೊಳಗೆ ಕ್ಯಾಟಲೇಸ್ ಹೆಚ್ಚಿಸಿದರು. ಹೌದು, ಮೊಣಕಾಲಿನ ನೊರೆಯ ಅದೇ ಕ್ಯಾಟಲೇಸ್. ಈಗ ಪಿಡಿಜಿಎಫ್ ಬಂದು ಬಾಗಿಲು ತಟ್ಟಿದರೂ ಪೆರಾಕ್ಸೈಡ್ ಏರಲಿಲ್ಲ. ಕೋಶ ಬೆಳೆಯಲೂ ಇಲ್ಲ, ಜಾಗ ಬಿಟ್ಟು ಕದಲಲೂ ಇಲ್ಲ. ಈ ಪ್ರಬಂಧ ಮೊದಲ ಸಲ ಓದಿದಾಗ ನನಗೆ ಮೈ ಜುಂ ಅಂದಿತ್ತು. ಪೆರಾಕ್ಸೈಡ್ ಇಲ್ಲಿ ಕೋಶ ಕೆಟ್ಟಿದ್ದರ ಗುರುತಲ್ಲ. ಬಾಗಿಲಿಂದ ಒಳಮನೆಗೆ ಸುದ್ದಿ ಒಯ್ಯುವ ಆಳು ಅದೇ.

ಸುದ್ದಿ ಒಯ್ಯುವ ಬಗೆಯೂ ಚೆಂದ. ಕೋಶದೊಳಗೆ ‘ಬೆಳೆ’ ಅನ್ನುವ ಮಾತು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಫಾಸ್ಫೇಟ್ ಗುರುತು ಹಾಕುತ್ತಾ ಸಾಗುತ್ತದೆ. ಆ ಗುರುತನ್ನು ಅಳಿಸಲು ಬೇರೆ ಕಿಣ್ವಗಳು ಯಾವಾಗಲೂ ಹಿಂದೆಯೇ ಇರುತ್ತವೆ. ಅವು ಬ್ರೇಕ್ ಇದ್ದ ಹಾಗೆ. ಈ ಅಳಿಸುವ ಕಿಣ್ವಗಳ ನಡುವೆ ಗಂಧಕದ ಒಂದು ಪರಮಾಣು ಇದೆ, ಅದರಿಂದಲೇ ಅವು ಕೆಲಸ ಮಾಡುವುದು. ಪೆರಾಕ್ಸೈಡ್ ಬಂದು ಆ ಗಂಧಕಕ್ಕೆ ಆಮ್ಲಜನಕ ಅಂಟಿಸುತ್ತದೆ. ಅಳಿಸುವವನ ಕೈ ಕಟ್ಟಿದಂತಾಯಿತು. ಗುರುತು ಉಳಿಯಿತು, ಸುದ್ದಿ ಕೋಶಕೇಂದ್ರ ಮುಟ್ಟಿತು. ಎಲ್ಲಾ ಸರಿಯಿದ್ದರೆ ಸ್ವಲ್ಪ ಹೊತ್ತಿಗೆ ಪೆರಾಕ್ಸೈಡ್ ಕರಗುತ್ತದೆ, ಕೈ ಬಿಚ್ಚಿಕೊಳ್ಳುತ್ತದೆ, ಬ್ರೇಕ್ ಮತ್ತೆ ಹಿಡಿಯುತ್ತದೆ.

ಅಮ್ಮನ ಕೈಯಲ್ಲಿ ಆ ‘ಸ್ವಲ್ಪ ಹೊತ್ತು’ ಮುಗಿಯಲೇ ಇಲ್ಲ. ಕಿಡ್ನಿ ನಿಂತ ದೇಹದಲ್ಲಿ ಕಸ ಉಳಿಯುತ್ತದೆ, ಸಕ್ಕರೆ ಬೇರೆ, ಉರಿಯೂತ ಬೇರೆ. ಆಕ್ಸಿಡೇಟಿವ್ ಸ್ಟ್ರೆಸ್ ಮೊದಲೇ ಜಾಸ್ತಿ. ಅದರ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಹೊಸ ಸೂಜಿ. ಇನ್ನೊಂದೂ ಇದೆ. ಒಳಪದರದ ಕೋಶಗಳು ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಬಿಡುತ್ತವೆ. ಅದು ಸ್ನಾಯುವನ್ನು ಸಡಿಲಿಸುತ್ತದೆ, ಬೆಳೆಯದಂತೆ ತಡೆಯುತ್ತದೆ. 1998ರ ನೊಬೆಲ್ ಬಂದಿದ್ದು ಇದೇ ಅಣುವಿನ ಕೆಲಸಕ್ಕೆ. ಸೂಪರ್ ಆಕ್ಸೈಡ್ ಎದುರಾದರೆ ನೈಟ್ರಿಕ್ ಆಕ್ಸೈಡ್ ಅದರ ಜೊತೆ ಸೇರಿ ಬೇರೆಯೇ ಆಗಿಬಿಡುತ್ತದೆ. ಸಮಾಧಾನ ಹೇಳುವವರೂ ಇಲ್ಲ, ಬ್ರೇಕೂ ಇಲ್ಲ. ನಡುವಿನ ಪದರದ ಸ್ನಾಯು ಕೋಶಗಳು, ಅವುಗಳ ಹಾಗೇ ನಡೆದುಕೊಳ್ಳುವ ಹೊರಪದರದ ಕೋಶಗಳು, ಒಳಗೆ ಸರಿದು ಪದರ ಪದರವಾಗಿ ಕೂತವು. ಹೃದಯಕ್ಕೆ ಬಲೂನ್ ಹಾಕಿಸಿಕೊಂಡವರಲ್ಲಿ ನಾಳ ಮತ್ತೆ ಕಿರಿದಾಗುವುದರಲ್ಲೂ ಈ ಬೆಳವಣಿಗೆಯದು ದೊಡ್ಡ ಪಾಲು.

ಸುದ್ದಿ ಗೊತ್ತಾಗಿ ಚಿಕ್ಕಮ್ಮ ಒಂದು ದೊಡ್ಡ ಡಬ್ಬಿ ತಂದುಕೊಟ್ಟರು. ಮೇಲೆ ‘ಆಂಟಿ ಆಕ್ಸಿಡೆಂಟ್’ ಅಂತ ಬರೆದಿತ್ತು, ಬೆಲೆಯೂ ಜಾಸ್ತಿಯೇ. ಪ್ರೀತಿಯಿಂದ ತಂದಿದ್ದು, ನೇರವಾಗಿ ಬೇಡ ಅನ್ನಲು ಬಾಯಿ ಬರಲಿಲ್ಲ. ಆದರೆ ಆಕ್ಸಿಡೇಟಿವ್ ಸ್ಟ್ರೆಸ್‌ನಿಂದ ಬೆಳೆಯುತ್ತದೆ ಅಂದರೆ ಅದಕ್ಕೆ ವಿರುದ್ಧದ್ದು ನುಂಗಿದರೆ ನಿಲ್ಲಬೇಕಲ್ಲ ಅಂತ ಎಲ್ಲರಿಗೂ ಅನ್ನಿಸುತ್ತದೆ. ವಿಜ್ಞಾನಿಗಳಿಗೂ ಅನ್ನಿಸಿತ್ತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಹೃದಯಕ್ಕೆ ಬಲೂನ್ ಹಾಕಿಸಿಕೊಳ್ಳುವ 317 ಜನರ ಮೇಲೆ ಪರೀಕ್ಷೆ ಮಾಡಿ 1997ರಲ್ಲಿ ಪ್ರಕಟಿಸಿದರು. ವಿಟಮಿನ್ ಇ, ಸಿ, ಬೀಟಾ ಕ್ಯಾರೋಟಿನ್ ತೆಗೆದುಕೊಂಡವರಲ್ಲಿ ನಾಳ ಮತ್ತೆ ಕಿರಿದಾಗಿದ್ದು 100ಕ್ಕೆ ಸುಮಾರು 40 ಕಡೆ. ಏನೂ ಇಲ್ಲದ ಮಾತ್ರೆ ನುಂಗಿದವರಲ್ಲಿ ಸುಮಾರು 39. ಕೊಲೆಸ್ಟರಾಲ್ ಇಳಿಸುವ, ಆಂಟಿ ಆಕ್ಸಿಡೆಂಟ್ ಗುಣವೂ ಇರುವ ಪ್ರೊಬುಕಾಲ್ ಅನ್ನುವ ಔಷಧ ಕೊಟ್ಟವರಲ್ಲಿ ಮಾತ್ರ ಸುಮಾರು 21ಕ್ಕೆ ಇಳಿದಿತ್ತು. ಅದೇ ಪ್ರೊಬುಕಾಲ್ ಜೊತೆ ವಿಟಮಿನ್ನೂ ಕೊಟ್ಟರೆ 29. ಮೂರು ವರ್ಷ ಬಿಟ್ಟು, 9,000ಕ್ಕೂ ಹೆಚ್ಚು ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ವಿಟಮಿನ್ ಇ ಕೊಟ್ಟು ನೋಡಿದ ಹೋಪ್ ಪರೀಕ್ಷೆಯಲ್ಲೂ ಹೃದಯಕ್ಕೆ ಲಾಭ ಕಾಣಲಿಲ್ಲ.

ಸುದ್ದಿ ಹುಟ್ಟುವುದು ಕೋಶದ ಒಂದು ಮೂಲೆಯಲ್ಲಿ, ಕೆಲವು ನಿಮಿಷದ ಮಟ್ಟಿಗೆ. ಹೊಟ್ಟೆಗೆ ನುಂಗಿದ ಪುಡಿ ಆ ಮೂಲೆಗೆ ಆ ಹೊತ್ತಿಗೆ ಹೇಗೆ ಹೋಗಿ ಮುಟ್ಟಬೇಕು? ಇನ್ನು, ಎಲ್ಲಾ ಕಡೆ ಎಲ್ಲಾ ಪೆರಾಕ್ಸೈಡನ್ನೂ ನಿಜವಾಗಿ ನಿಲ್ಲಿಸಿಬಿಟ್ಟರೆ ಸೂಜಿಯ ತೂತು ಮುಚ್ಚುವುದು ಯಾರು? ಡಯಾಲಿಸಿಸ್‌ನವರಿಗೆ ಬೇರೆ ಭಯವೂ ಇದೆ. ಇಂಥ ಪುಡಿಗಳಲ್ಲಿ, ಕೆಟ್ಟ ಕಿಡ್ನಿ ಹೊರಹಾಕಲಾರದ ಪೊಟ್ಯಾಸಿಯಂ ಎಷ್ಟಿದೆಯೋ. ಎಳನೀರನ್ನೇ ಬೇಡ ಅನ್ನುತ್ತಾರೆ. ಡಬ್ಬಿಯನ್ನು ಡಾಕ್ಟರಿಗೆ ತೋರಿಸಿದೆ, ಬೇಡ ಅಂದರು. ಚಿಕ್ಕಮ್ಮನಿಗೆ ಅವರ ಮಾತನ್ನೇ ಹೇಳಿದೆ.

ಬಲೂನ್ ಹಾಕಲು ಅರ್ಧ ಗಂಟೆ ಹಿಡಿಯಿತು. ಔಷಧ ಲೇಪಿಸಿದ ಬಲೂನ್ ಅಂತಲೂ ಇದೆ, ಕೋಶ ಇಬ್ಭಾಗವಾಗುವುದನ್ನು ತಡೆಯುವ ಪ್ಯಾಕ್ಲಿಟಾಕ್ಸೆಲ್ ಹಚ್ಚಿರುತ್ತಾರೆ. 2020ರಲ್ಲಿ ಪ್ರಕಟವಾದ 330 ಜನರ ಪರೀಕ್ಷೆಯಲ್ಲಿ 6 ತಿಂಗಳ ನಂತರವೂ ನಾಳ ತೆರೆದಿದ್ದವರು ಆ ಬಲೂನಿನಲ್ಲಿ 100ಕ್ಕೆ 82, ಮಾಮೂಲಿ ಬಲೂನಿನಲ್ಲಿ ಸುಮಾರು 60. ಬ್ರಿಟನ್ನಿನಲ್ಲಿ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಅಂಥ ಲಾಭ ಕಾಣಲಿಲ್ಲ. ಬೆಲೆ ಕೇಳಿ, ಡಾಕ್ಟರ ಜೊತೆ ಮಾತಾಡಿ, ನಾವು ಮಾಮೂಲಿ ಬಲೂನನ್ನೇ ಹಾಕಿಸಿದೆವು. ಬಲೂನ್ ಅಂದರೂ ಗೋಡೆಗೆ ಮತ್ತೊಂದು ಗಾಯವೇ. ಅದು ಗೊತ್ತಿದ್ದೇ ಮಾಡಿಸಬೇಕು. ಬೇರೆ ದಾರಿ ಇಲ್ಲ.

ಆ ರಾತ್ರಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ನೊರೆಯ ಕಥೆ, ಕೈ ಕಟ್ಟಿದ ಕಿಣ್ವದ ಕಥೆ. ಪೂರ್ತಿ ಕೇಳಿಸಿಕೊಂಡರು. ಬ್ಯಾಂಡೇಜ್ ಮೇಲೆ ಇನ್ನೊಂದು ಕೈ ಇಟ್ಟುಕೊಂಡು ಅಂದರು: ‘ಹಾಗಾದ್ರೆ ಅದಕ್ಕೆ ಗಾಯ ಮಾಗಿದ್ದು ಗೊತ್ತಾಗಿಲ್ಲ, ಅಷ್ಟೇ. ಪಾಪ.’

ಈಗ ಗುರುಗುರು ವಾಪಸ್ ಬಂದಿದೆ. ಟೆಕ್ನಿಷಿಯನ್ ಹುಡುಗ ಪ್ರತಿ ಸಲ ಹಿಂದಿನ ತೂತಿಗಿಂತ ಸ್ವಲ್ಪ ಮೇಲೆ ಚುಚ್ಚುತ್ತಾನೆ, ಒಂದೇ ಜಾಗಕ್ಕೆ ಪೆಟ್ಟು ಬೀಳಬಾರದು ಅಂತ. ಮುಂದಿನ ಡಾಪ್ಲರ್ ಮೂರು ತಿಂಗಳಿಗೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮ್ಮ ತಾವೇ ಆ ತಾರೀಕಿಗೆ ಕೆಂಪು ಸುತ್ತು ಹಾಕಿದ್ದಾರೆ. ನಾಳೆ ಗುರುವಾರ, ಬೆಳಿಗ್ಗೆ ಐದೂವರೆಗೆ ಹೊರಡಬೇಕು. ಅದಕ್ಕೂ ಮೊದಲು ಬೆರಳಿಟ್ಟು ನೋಡುತ್ತೇನೆ.